ಬೀಗದ ಫೋಟೊ

ಬೆಂಕಿ ಬಿದ್ದ ಬಟ್ಟೆ ಹೊಲಿಯುವ ಕಾರ್ಖಾನೆಗೆ ಮೊದಲ ಸಲ ಹೋದಾಗ ನಾನು ತೆಗೆದದ್ದು ಹೊಗೆ, ಕರಕಲಾದ ಗೋಡೆ, ಅಳುವ ಮುಖ. ರಾತ್ರಿ ಕೂತು ನೋಡಿದೆ. ಒಳಗಿದ್ದವರು ಯಾಕೆ ಹೊರಗೆ ಬರಲಿಲ್ಲ ಎನ್ನುವುದನ್ನು ಅಷ್ಟು ಚಿತ್ರಗಳಲ್ಲಿ ಒಂದೂ ಹೇಳುತ್ತಿರಲಿಲ್ಲ. ಅಗ್ನಿಶಾಮಕದವರು ಒಳಗೆ ಬಿಟ್ಟ ಮೇಲೆ ಮತ್ತೆ ಹೋದೆ. ಹಿಂಬಾಗಿಲಿಗೆ ಹೊರಗಿನಿಂದ ಬೀಗ ಹಾಕಿತ್ತು.

ಅಂದಿನಿಂದ ಯಾವ ಕಾರ್ಖಾನೆಗೆ ಹೋದರೂ ನಾನು ಹೊಲಿಗೆ ಯಂತ್ರದ ಮುಂದಿನ ಸ್ಟೂಲಿನಿಂದ ಶುರು ಮಾಡುತ್ತೇನೆ. ಅಲ್ಲಿಂದ ಹೊರಬಾಗಿಲಿನವರೆಗೆ ನಡೆದು, ದಾರಿಗೆ ಅಡ್ಡ ಬಂದದ್ದೆಲ್ಲದರ ಫೋಟೊ ತೆಗೆಯುತ್ತೇನೆ: ಕಾರ್ಟನ್ ರಾಶಿ, ಕಿಟಕಿಯ ಸರಳು, ಮೆಟ್ಟಿಲ ಮೇಲಿನ ಬಟ್ಟೆ ಗಂಟು. ಬಾಂಗ್ಲಾದೇಶದ ಢಾಕಾ ಬಳಿಯ ತಾಜ್ರೀನ್ ಉಡುಪು ಕಾರ್ಖಾನೆಯಲ್ಲಿ 2012ರ ನವೆಂಬರ್ 24ರಂದು 110ಕ್ಕೂ ಹೆಚ್ಚು ಜನ ಸತ್ತದ್ದು ಹೇಗೆ ಎಂಬುದು, ಈ ದಾರಿಯನ್ನು ನಡೆದು ನೋಡಿದಾಗಲೇ ನನಗೆ ಅರ್ಥವಾದದ್ದು. ಬೆಂಕಿ ಹತ್ತಿದ್ದು ನೆಲಮಹಡಿಯ ಬಟ್ಟೆ, ನೂಲಿನ ದಾಸ್ತಾನಿಗೆ. ಮೆಟ್ಟಿಲು ಇಳಿಯುತ್ತಿದ್ದದ್ದೂ ಅಲ್ಲಿಗೇ. ನ್ಯೂಯಾರ್ಕಿನ ಟ್ರಯಾಂಗಲ್ ಉಡುಪು ಕಾರ್ಖಾನೆಯಲ್ಲಿ 1911ರಲ್ಲಿ 146 ಮಂದಿ ಸತ್ತಾಗಲೂ ಒಂಬತ್ತನೆಯ ಮಹಡಿಯ ಬಾಗಿಲೊಂದಕ್ಕೆ ಬೀಗವಿತ್ತು. ಕರಾಚಿಯ ಅಲಿ ಎಂಟರ್‌ಪ್ರೈಸಸ್ ಎಂಬ ಉಡುಪು ಕಾರ್ಖಾನೆಗಂತೂ 2012ರ ಬೆಂಕಿಗೆ ಕೆಲವೇ ವಾರಗಳ ಮುಂಚೆ ಸುರಕ್ಷತೆಯ ಪ್ರಮಾಣಪತ್ರ ಸಿಕ್ಕಿತ್ತು. 250ಕ್ಕೂ ಹೆಚ್ಚು ಜನ ಸತ್ತರು. ಕಾಗದ ಹೇಳುವುದೇ ಬೇರೆ, ಬಾಗಿಲು ಹೇಳುವುದೇ ಬೇರೆ. ಅದಕ್ಕೇ ಬಾಗಿಲಿನ ಚಿತ್ರ ಬೇಕು, ಅದೂ ಬೆಂಕಿಗೆ ಮುಂಚಿನದು.

ಅಳತೆಯಿಲ್ಲದ ಚಿತ್ರವನ್ನು ಯಾರೂ ಒಪ್ಪುವುದಿಲ್ಲ. ಅಮೆರಿಕದ ಬಾಲಕಾರ್ಮಿಕರ ಚಿತ್ರ ತೆಗೆದ ಲೂಯಿಸ್ ಹೈನ್ ತಮ್ಮ ಉಡುಪಿನ ಗುಂಡಿಗಳನ್ನೇ ಅಳತೆಗೋಲು ಮಾಡಿಕೊಂಡು ಮಕ್ಕಳ ಎತ್ತರ ಗುರುತಿಸಿಕೊಳ್ಳುತ್ತಿದ್ದರು. ನಾನು ಮೆಟ್ಟಿಲಿಗೆ ಟೇಪು ಹಿಡಿಯುತ್ತೇನೆ. ಟೇಪು ತೆಗೆಯಲಾಗದ ಕಡೆ ಗೇಣು ಹಾಕುತ್ತೇನೆ, ಕೈಯೂ ಚೌಕಟ್ಟಿನೊಳಗೆ ಬರುತ್ತದೆ. ಕ್ಯಾಮೆರಾದ ಗಡಿಯಾರ ಸರಿಯಿದೆಯೇ ಎಂದು ಪ್ರತಿ ಸಲ ನೋಡುತ್ತೇನೆ. ಮೂಲ ಫೈಲನ್ನು ಮುಟ್ಟುವುದಿಲ್ಲ, ಹೊಗೆಯನ್ನು ಇನ್ನಷ್ಟು ಕಪ್ಪು ಮಾಡುವುದಂತೂ ಇಲ್ಲವೇ ಇಲ್ಲ.

ಮುಖ ತೆಗೆಯದಿದ್ದರೆ ಸಾಕು, ಯಾರ ಗುರುತೂ ಸಿಗದು ಅಂದುಕೊಂಡಿದ್ದೆ. ಒಬ್ಬ ಹೆಂಗಸು ಸೂಜಿ ಹೊಕ್ಕ ಬೆರಳನ್ನು ತೋರಿಸಲು ಒಪ್ಪಿದವಳು, ತಕ್ಷಣ ಕೈ ಹಿಂದೆ ಎಳೆದುಕೊಂಡಳು. "ತಡೀರಿ ಅಣ್ಣಾ, ಉಂಗುರ ತೆಗೀತೀನಿ. ಸೂಪರ್‌ವೈಸರ್‌ಗೆ ಇದು ಗೊತ್ತು." ಕೆಲಸ ಹೋಗುವುದು ನನ್ನದಲ್ಲ, ಅವಳದು. ಈಗ ಉಂಗುರ, ಯಂತ್ರದ ನಂಬರು, ಗೋಡೆಯ ಕ್ಯಾಲೆಂಡರು ಎಲ್ಲವನ್ನೂ ನೋಡಿಕೊಂಡು, ಚಿತ್ರವನ್ನು ಮೊದಲು ಅವರಿಗೇ ತೋರಿಸುತ್ತೇನೆ. ಬೇಡ ಅಂದರೆ ಅಳಿಸುತ್ತೇನೆ.

ಒಂದು ಕಾರ್ಖಾನೆಯಲ್ಲಿ ಕಾರ್ಮಿಕ ಸಂಘದವರು ನನ್ನ ಮೆಟ್ಟಿಲಿನ ಚಿತ್ರಗಳನ್ನು ಆಡಳಿತದವರ ಮುಂದಿಟ್ಟರು. ಎರಡು ತಿಂಗಳ ಮೇಲೆ ಹೋದೆ. ಕಾರ್ಟನ್‌ಗಳು ಇರಲಿಲ್ಲ. ಬೀಗ ಇತ್ತು. ಅದೇ ಜಾಗದಲ್ಲಿ ನಿಂತು, ಅದೇ ಲೆನ್ಸಿನಲ್ಲಿ, ಅದರ ಫೋಟೊ ಮತ್ತೆ ತೆಗೆದುಕೊಂಡೆ.