ಬುಗುರಿ ಮೊದಲಿಂದಲೂ ಓಲಾಡುತ್ತಿದ್ದ, ಕರಿಯ ಶುರು ಮಾಡಿದ್ದು ಆಮೇಲೆ

ಚಿಕ್ಕಮಗಳೂರಿನ ನಮ್ಮ ಮನೆಯಲ್ಲಿ ಎರಡು ಬಾಲ್ ಪೈಥಾನ್ ಹಾವುಗಳಿವೆ. ವಿದೇಶಿ ಪ್ರಾಣಿ ಸಾಕುವವರಿಗಿರುವ 2024ರ ನಿಯಮದಂತೆ ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ಎರಡನ್ನೂ ನೋಂದಾಯಿಸಿದ್ದೇನೆ. (ಇವು ಆಫ್ರಿಕಾದವು. ತೋಟದಲ್ಲಿ ಸಿಗುವ ನಮ್ಮ ಹೆಬ್ಬಾವನ್ನು ತಂದು ಸಾಕಿದರೆ ಕೇಸು ಗ್ಯಾರಂಟಿ.) ಅದರಲ್ಲೊಬ್ಬ ಸ್ಪೈಡರ್ ಮಾರ್ಫ್, ಅಂದರೆ ಜೇಡರ ಬಲೆಯಂಥ ಗೆರೆಯಿರುವ ಬಣ್ಣದ ತಳಿ. ಬಂದ ದಿನವೇ ತಲೆ ಓಲಾಡಿಸುತ್ತಿದ್ದ, ಅದಕ್ಕೇ ಬುಗುರಿ ಅಂತ ಹೆಸರಿಟ್ಟೆ. ಮಾರಿದವನು 'ದೊಡ್ಡದಾದ ಮೇಲೆ ಸರಿಹೋಗುತ್ತೆ' ಅಂದಿದ್ದ. ಸರಿಹೋಗಲಿಲ್ಲ. 'ಇದಕ್ಕೆ ಗಾಳಿ ಸೋಕಿದೆ ಕಣೋ' ಅಂದಳು ಅಮ್ಮ.

ಸೋಕಿದ್ದರೆ ಕಿವಿಗೆ ಸೋಕಿರಬೇಕು. ಆ ಬಣ್ಣ ಕೊಡುವ ಜೀನೇ ಒಳಕಿವಿಯನ್ನೂ ಕೆಡಿಸುತ್ತದೆ. 2022ರಲ್ಲಿ ಪ್ರಕಟವಾದ ಒಂದು ಸ್ಕ್ಯಾನ್ ಅಧ್ಯಯನದಲ್ಲಿ, ಸಮತೋಲನ ಕಾಯುವ ಅರ್ಧವೃತ್ತ ನಾಳಗಳೇ ವಿಕಾರವಾಗಿರುವುದು ಕಂಡಿದೆ. ಸುಮ್ಮನೆ ಮಲಗಿದ್ದಾಗ ಬುಗುರಿಯಲ್ಲಿ ಏನೂ ಗೊತ್ತಾಗುವುದಿಲ್ಲ. ಇಲಿಯ ವಾಸನೆ ಬಂತೋ, ಕತ್ತು ತಿರುಚಿ ತಲೆ ಅಡಿಮೇಲಾಗಿ, ಇಲಿ ಬಿಟ್ಟು ಅದರ ಪಕ್ಕಕ್ಕೆ ಬಾಯಿ ಹಾಕುತ್ತಾನೆ. ಇಕ್ಕಳದಲ್ಲಿ ಮೂತಿಯ ಹತ್ತಿರಕ್ಕೇ ಹಿಡಿಯಬೇಕು. ಎರಡು ವರ್ಷದಿಂದ ಇಷ್ಟೇ, ಹೆಚ್ಚಿಲ್ಲ, ಕಡಿಮೆಯಿಲ್ಲ. ಇವನಿಂದ ಮರಿ ಮಾಡಿಸುವ ಯೋಚನೆ ಮಾತ್ರ ನನಗಿಲ್ಲ.

ಎಡವಟ್ಟಾಗಿದ್ದು ಕರಿಯನ ವಿಷಯದಲ್ಲಿ. ಅವನು ಮಾಮೂಲಿ ಬಣ್ಣದವನು, ನೆಟ್ಟಗಿದ್ದವನು. ಹೋದ ಮಳೆಗಾಲದಲ್ಲಿ ಅವನ ನೀರಿನ ಬಟ್ಟಲಲ್ಲಿ ಕಪ್ಪು ಚುಕ್ಕೆಗಳಂತೆ ಹುಳ ತೇಲುತ್ತಿದ್ದವು, ಮೈಟ್ಸ್. ಕೊಟ್ಟಿಗೆಯಲ್ಲಿದ್ದ ದನದ ಉಣುಗಿನ ಔಷಧಿಯನ್ನು ಅವನ ಡಬ್ಬಿಗೆ ಸಿಂಪಡಿಸಿ ಮುಚ್ಚಳ ಹಾಕಿಬಿಟ್ಟೆ. ಬೆಳಿಗ್ಗೆ ನೋಡಿದರೆ ಸೂರು ನೋಡುತ್ತಾ ನಡುಗುತ್ತಿದ್ದಾನೆ. 'ಇವನಿಗೂ ಬುಗುರಿ ಚಾಳಿ ಬಂತು' ಅಂತ ನಕ್ಕು ತೋಟಕ್ಕೆ ಹೋದೆ. ಮಧ್ಯಾಹ್ನದವರೆಗಿನ ಹೊತ್ತು ದಂಡ.

ಬಂದವನು ಇಬ್ಬರನ್ನೂ ಮೆಲ್ಲಗೆ ಅಂಗಾತ ಮಾಡಿ ನೋಡಿದೆ. ಬುಗುರಿ ಸೊಟ್ಟಪಟ್ಟ ಆದರೂ ತಕ್ಷಣ ಮಗುಚಿಕೊಂಡ. ಕರಿಯ ಅರ್ಧಕ್ಕೇ ನಿಂತ, ನಾಲಗೆಯನ್ನೂ ಚಾಚಲಿಲ್ಲ. ಆಗ ಕೈಕಾಲು ತಣ್ಣಗಾಯಿತು.

ಹಾಸನದ ಪರಿಚಯದ ಡಾಕ್ಟರಿಗೆ ಫೋನ್ ಮಾಡಿ ವಿಡಿಯೊ ಕಳಿಸಿದೆ. ಮೊದಲು ಕೇಳಿದ್ದು ಶಾಖ ಎಷ್ಟಿದೆ ಅಂತ. ಬಿಸಿ ಬದಿ 32 ಡಿಗ್ರಿ, ತಂಪು ಬದಿ 26 ಅಂದೆ. ಥರ್ಮೋಸ್ಟಾಟ್ ಕೆಟ್ಟು ಮೈ ಕಾದರೂ ಹೀಗಾಗುತ್ತದಂತೆ. ಆಮೇಲೆ 'ಏನಾದ್ರೂ ಹೊಡೆದಿದ್ದೀರಾ?' ಅಂದರು. ನಾಚಿಕೆಯಿಂದ ಹೇಳಿದೆ. ಉಗುರುಬೆಚ್ಚಗಿನ ನೀರಲ್ಲಿ ಮೈ ತೊಳೆಸಿದರು, ಡಬ್ಬಿ ಬದಲಿಸಲು ಹೇಳಿದರು. ಬಾಯಲ್ಲಿ ಲೋಳೆ, ಉಸಿರಲ್ಲಿ ಸಿಳ್ಳೆ ಇದೆಯಾ ನೋಡಿಸಿದರು, ಅದು ಹಾವಿನ ಉಸಿರಾಟಕ್ಕೆ ತಗಲುವ ನಿಡೊವೈರಸ್‌ನ ಗುರುತು. ಎರಡೂ ಇರಲಿಲ್ಲ. ಅವರಿಗಿದ್ದ ದೊಡ್ಡ ಭಯ ಇನ್‌ಕ್ಲೂಷನ್ ಬಾಡಿ ಕಾಯಿಲೆಯದ್ದು: ರೆಪ್ಟರೆನಾವೈರಸ್‌ನಿಂದ ಬರುತ್ತದೆ, ಪೈಥಾನ್‌ಗಳಲ್ಲಿ ಬೇಗ ನರಕ್ಕೇರುತ್ತದೆ, ಮದ್ದಿಲ್ಲ. ಅದನ್ನು ಮೈಟ್ಸ್ ಹರಡುತ್ತವೆ ಎಂಬ ಅನುಮಾನವೂ ಇದೆ. ಅದಕ್ಕೇ ಇಬ್ಬರನ್ನೂ ಬೇರೆ ಬೇರೆ ಕೋಣೆಗೆ ಹಾಕಿ, ಕರಿಯನ ರಕ್ತ, ಬಾಯಿಯ ಸ್ವ್ಯಾಬ್ ಪಿಸಿಆರ್‌ಗೆ ಕಳಿಸಿದೆವು. ನೆಗೆಟಿವ್ ಬಂತು.

ನಡುಕ ನಿಲ್ಲಲು ಒಂಬತ್ತು ದಿನ ಹಿಡಿಯಿತು. ಈಗ ಪ್ರತಿ ತಿಂಗಳ ಒಂದನೇ ತಾರೀಖು ಇಬ್ಬರದ್ದೂ ವಿಡಿಯೊ ಮಾಡಿಡುತ್ತೇನೆ, ಹಳೆಯದರ ಜೊತೆ ಇಟ್ಟು ನೋಡುತ್ತೇನೆ. ಉಣುಗಿನ ಔಷಧಿ ಅಮ್ಮನ ಸುಪರ್ದಿನಲ್ಲಿದೆ, ಕೇಳಿದರೂ ಕೊಡುವುದಿಲ್ಲ.