ಆಗಮನ ಕಾಲದ (ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ವಾರಗಳ) ಸಂಜೆಗಳಿಗೆ ಒಂದು ಸಲಹೆ

ಕೇರಳದ ಕಾಸರಗೋಡು ಜಿಲ್ಲೆಯ ಬೇಳ, ಕಯ್ಯಾರು, ಮಂಜೇಶ್ವರ ಕಡೆಯ ಎಷ್ಟೋ ಮನೆಗಳಲ್ಲಿ ಈ ಸಲ ಕ್ರಿಸ್‌ಮಸ್ ತಯಾರಿಗಿಂತ ಚಿಂತೆಯೇ ಜಾಸ್ತಿ. ಮಕ್ಕಳು ಗಲ್ಫಿನಲ್ಲಿ, ಕೆಲಸದ ಭರವಸೆ ಇಲ್ಲ, ಫೋನ್ ತೆಗೆದರೆ ಯುದ್ಧದ ಸುದ್ದಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬೈಬಲಿನ ಲೂಕನ ಶುಭಸಂದೇಶದಲ್ಲಿ 24 ಅಧ್ಯಾಯಗಳಿವೆ. ಡಿಸೆಂಬರ್ 1ರಿಂದ ದಿನಕ್ಕೊಂದು ಓದಿದರೆ ಕ್ರಿಸ್‌ಮಸ್ ಹಿಂದಿನ ದಿನ ಸರಿಯಾಗಿ ಮುಗಿಯುತ್ತದೆ. ಸಂಜೆ ತೇರ್ಸ್ (ಜಪಮಾಲೆ ಪ್ರಾರ್ಥನೆ) ಆದ ಮೇಲೆ ಎಲ್ಲರೂ ಕೂತಿರುತ್ತಾರಲ್ಲ, ಆಗಲೇ ಓದಿ. ಮಕ್ಕಳಿಂದ ಜೋರಾಗಿ ಓದಿಸಿ. ಮಲಯಾಳಂ ಮಾಧ್ಯಮದಲ್ಲಿ ಕಲಿಯುವವರಿಗೆ ಕನ್ನಡ ಓದುವ ಅಭ್ಯಾಸವೂ ಆಗುತ್ತದೆ, ಅಲ್ವಾ? ಫೋನುಗಳು ಆ ಹೊತ್ತು ಇನ್ನೊಂದು ಕೋಣೆಯಲ್ಲಿರಲಿ. ಸುದ್ದಿಯನ್ನು ಬೆಳಿಗ್ಗೆ ಒಮ್ಮೆ ನೋಡಿದರೆ ಸಾಕು, ಮಲಗುವ ಮುಂಚೆ ಖಂಡಿತ ಬೇಡ.

ಓದಿದ ಮೇಲೆ ಸುಮ್ನೆ "ಶಾಂತಿ ಕೊಡು ದೇವರೇ" ಎಂದು ಮುಗಿಸಬೇಡಿ. ಚಿಂತೆಯನ್ನು ಹೆಸರು ಹಿಡಿದು ಹೇಳಿ: ಬ್ಯಾಂಕಿನ ಸಾಲ, ಅಮ್ಮನ ಡಯಾಲಿಸಿಸ್, ತಮ್ಮನ ವೀಸಾ. ಫಿಲಿಪ್ಪಿಯರಿಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲಿ ಸಂತ ಪೌಲ ಹೇಳುವುದೂ ಇದನ್ನೇ. ಬೇಡಿಕೆಗಳನ್ನು ಕೃತಜ್ಞತೆಯೊಂದಿಗೆ ದೇವರ ಮುಂದಿಡಿ, ಆಗ ದೇವರ ಶಾಂತಿ ನಿಮ್ಮ ಮನಸ್ಸನ್ನು ಕಾಯುತ್ತದೆ ಎನ್ನುತ್ತಾನೆ. ಇದನ್ನು ಬರೆದಾಗ ಅವನು ಸೆರೆಯಲ್ಲಿದ್ದ! ನನಗೆ ಇದು ತುಂಬಾ ದೊಡ್ಡ ಧೈರ್ಯ.

ಆಗಮನ ಕಾಲದ ನಾಲ್ಕು ಭಾನುವಾರಗಳಿಗೆ ನೇರಳೆ, ಗುಲಾಬಿ ಮೇಣದಬತ್ತಿ ಸಿಗದಿದ್ದರೆ ಬಿಳಿಯದೇ ಹಚ್ಚಿ. ಪ್ರಾರ್ಥನೆ ಮುಗಿದ ಮೇಲೆ ಗಲ್ಫಿಗೆ ಕರೆ ಮಾಡಿ. ನಮ್ಮ ರಾತ್ರಿ 9 ಗಂಟೆ ಎಂದರೆ ದುಬೈಯಲ್ಲಿ ಏಳೂವರೆ.

ಸಾವಾದ ಮನೆಯವರು ಈ ವರ್ಷ ಕುಸ್ವಾರ್ (ಕ್ರಿಸ್‌ಮಸ್ ತಿಂಡಿಗಳು) ಮಾಡದೆ ಇರಬಹುದು. ಹಬ್ಬದ ದಿನಕ್ಕೆ ಕಾಯಬೇಡಿ, ಈ ವಾರವೇ ಹೋಗಿ ಸ್ವಲ್ಪ ಹೊತ್ತು ಅವರ ಜೊತೆ ಕೂತು ಬನ್ನಿ.