ಘಾಟಾಗಿ ಹಾರಿಹೋದ ಗೊಬ್ಬರದ ಸಾರ

ಬಹಳ ವರ್ಷ ನಾನು ಗೊಬ್ಬರವನ್ನು ಗಾಡಿಗಳ ಲೆಕ್ಕದಲ್ಲಿ ಅಳೆಯುತ್ತಿದ್ದೆನೇ ಹೊರತು, ಅದರಲ್ಲಿದ್ದ ಸಾರಜನಕ ಭತ್ತದ ಬೇರಿಗೆ ಎಷ್ಟು ತಲುಪಿತೆಂದು ಯೋಚಿಸಿದವನಲ್ಲ. ಕೊಟ್ಟಿಗೆ ಗೊಬ್ಬರದಲ್ಲಿ ಸುಮಾರು ಶೇ. 0.5ರಷ್ಟು ಸಾರಜನಕವಿದೆ ಎಂದು ಹಿಡಿದರೆ, ಹೆಕ್ಟೇರಿಗೆ 10 ಟನ್ ಹಾಕಿದಾಗ ಕಾಗದದ ಮೇಲೆ 50 ಕೆ.ಜಿ. ಆಗುತ್ತದೆ. ಇದರಲ್ಲಿ ಸಾವಯವ ರೂಪದಲ್ಲಿರುವ ಪಾಲು ನಿಧಾನವಾಗಿ ಕಳಿತು ಈ ಬೆಳೆಗೋ ಮುಂದಿನದಕ್ಕೋ ದಕ್ಕುತ್ತದೆ. ನಮ್ಮ ಕೈತಪ್ಪುವುದು ಹೆಚ್ಚಾಗಿ ಗಂಜಲದಿಂದ ಬಂದ, ಬೇಗ ಅಮೋನಿಯಾ ಎಂಬ ಘಾಟು ಅನಿಲವಾಗಬಲ್ಲ ಪಾಲು.

ಇದು ನನಗೆ ತಿಳಿದದ್ದು ಒಂದು ಅಚಾತುರ್ಯದಿಂದ. ಗಂಜಲದಲ್ಲಿ ನೆನೆದ ಅರೆಗೊಳೆತ ಗೊಬ್ಬರವನ್ನು ಒಂದು ಗದ್ದೆಗೆ ಹರಡಿ, ಅರ್ಧ ಭಾಗವನ್ನು ಅಂದೇ ಉಳುಮೆ ಮಾಡಿ ಮಣ್ಣಿಗೆ ಸೇರಿಸಿದ್ದೆ. ಯಂತ್ರ ಕೆಟ್ಟದ್ದರಿಂದ ಉಳಿದರ್ಧ ಐದು ದಿನ ಬಿಸಿಲಿಗೆ ಬಿದ್ದಿತ್ತು. ನಾಟಿಯಾದ ತಿಂಗಳಿಗೆ ಮೊದಲ ಭಾಗ ಕಡುಹಸಿರಾಗಿ ತೆಂಡೆಯೊಡೆದಿದ್ದರೆ, ಎರಡನೆಯದು ತಿಳಿಹಳದಿಗೆ ತಿರುಗಿತ್ತು. ಮಣ್ಣಿನ ವ್ಯತ್ಯಾಸವೇ ಕಾರಣವಿರಬಹುದೆಂಬ ಅನುಮಾನದಿಂದ ಮುಂದಿನ ಹಂಗಾಮಿನಲ್ಲಿ ಬೇಕೆಂದೇ ಭಾಗಗಳನ್ನು ಅದಲುಬದಲು ಮಾಡಿದೆ. ಹಳದಿಯೂ ಜಾಗ ಬದಲಿಸಿತು. ಹರಡುವಾಗ ಮೂಗಿಗೆ ಬಡಿಯುವ ಘಾಟನ್ನು ಗೊಬ್ಬರದ ಕಸುವಿನ ಗುರುತೆಂದು ನಂಬಿದ್ದೆ. ಆ ಘಾಟೇ ಗದ್ದೆ ಬಿಟ್ಟು ಹೋಗುತ್ತಿದ್ದ ಸಾರಜನಕ.

ಅಂದಿನಿಂದ ಒಂದು ದಿನದಲ್ಲಿ ಮಣ್ಣಿಗೆ ಸೇರಿಸಲು ಆಗುವಷ್ಟನ್ನೇ ಹರಡುತ್ತೇನೆ. ಕೆಸರಿನ ಮೇಲ್ಪದರದ ಕೆಲವೇ ಮಿಲಿಮೀಟರ್‌ಗಳಷ್ಟು ಮಾತ್ರ ಆಮ್ಲಜನಕವಿರುತ್ತದೆ. ಅದರ ಕೆಳಗೆ ಸೇರಿದ ಅಮೋನಿಯಂ (ಅಮೋನಿಯಾದ, ಗಾಳಿಗೆ ಹಾರದ ಕರಗಿದ ರೂಪ) ಮಣ್ಣಿನ ಕಣಗಳಿಗೆ ಅಂಟಿಕೊಂಡು ಅಮೋನಿಯಂ ಆಗಿಯೇ ಉಳಿಯುತ್ತದೆ.

ಗೋಬರ್ ಗ್ಯಾಸ್ ತೊಟ್ಟಿಯ ಬಗ್ಗಡದ ವಿಷಯದಲ್ಲಿ ಇನ್ನೊಂದು ಪಾಠ ಕಾದಿತ್ತು. ನಿಂತ ನೀರಿಗೆ ಅದನ್ನು ಸುರಿಯುವುದು ಸುಲಭವಾದ್ದರಿಂದ ಹಾಗೆಯೇ ಮಾಡುತ್ತಿದ್ದೆ. ನೀರಿನಲ್ಲಿ ಪಾಚಿ ಕಟ್ಟಿದ್ದ ಒಂದು ದಿನ ಹುಳಿ-ಕ್ಷಾರದ ಅಳತೆಯಾದ ಪಿಎಚ್ ತೋರಿಸುವ ಕಾಗದ ಅದ್ದಿ ನೋಡಿದಾಗ, ಬೆಳಿಗ್ಗೆ ಪಿಎಚ್ 7ರ ಆಸುಪಾಸು ಇದ್ದದ್ದು ಮಧ್ಯಾಹ್ನ 9ಕ್ಕೆ ಏರಿತ್ತು. ಬಿಸಿಲಿಗೆ ಪಾಚಿಯು ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡನ್ನು ಹೀರುವುದರಿಂದ ಹೀಗಾಗುತ್ತದೆ. ನೀರಿನಲ್ಲಿರುವ ಅಮೋನಿಯಂ ಮತ್ತು ಅಮೋನಿಯಾಗಳ ಒಟ್ಟು ಮೊತ್ತದಲ್ಲಿ, ಪಿಎಚ್ 7ರಲ್ಲಿ ಶೇ. 1ರ ಆಸುಪಾಸಿನಲ್ಲಿರುವ ಅನಿಲರೂಪಿ ಅಮೋನಿಯಾ, 9ರಲ್ಲಿ ಮೂರನೇ ಒಂದು ಭಾಗವನ್ನೂ ಮೀರಬಲ್ಲದು. ಉಳಿದ ಕೆಲಸವನ್ನು ಗಾಳಿ ಮಾಡುತ್ತದೆ. ಆದ್ದರಿಂದ ಈಗ ಬಗ್ಗಡವನ್ನು ನೀರು ಬಸಿದ ಕೆಸರಿಗೆ ಸಂಜೆ ಹೊತ್ತಿನಲ್ಲಿ ಬಿಟ್ಟು, ಕಲಸಿದ ಮೇಲಷ್ಟೇ ನೀರು ಕಟ್ಟುತ್ತೇನೆ, ಮತ್ತು ಆ ನೀರು ಹೊರಹರಿಯದಂತೆ ಒಂದು ವಾರವಾದರೂ ಬದುವಿನ ಬಾಯಿ ಮುಚ್ಚಿಡುತ್ತೇನೆ.

ನೀರು ಉಳಿಸುವ ಹುಮ್ಮಸ್ಸಿನಲ್ಲಿ ನಾಟಿಯಾದ ಕೂಡಲೇ ಗದ್ದೆಯನ್ನು ಒಣಗಿಸಿ ತೇವಗೊಳಿಸುತ್ತ ಹೋದದ್ದೂ ತಪ್ಪಾಯಿತು. ಒಣಗಿದಾಗ ಮಣ್ಣಿಗೆ ಗಾಳಿಯಾಡಿ, ಅಮೋನಿಯಂ ರೂಪದ ಸಾರಜನಕವು ನೈಟ್ರೇಟ್ ಎಂಬ ಇನ್ನೊಂದು ರೂಪಕ್ಕೆ ಬದಲಾಗುತ್ತದೆ. ಮತ್ತೆ ನೀರು ನಿಂತಾಗ ಸೂಕ್ಷ್ಮಾಣುಗಳು ಆ ನೈಟ್ರೇಟನ್ನು ಸಾರಜನಕ ಅನಿಲವಾಗಿ, ಸ್ವಲ್ಪ ಭಾಗ ನೈಟ್ರಸ್ ಆಕ್ಸೈಡ್ ಆಗಿ ಹೊರಬಿಡುತ್ತವೆ. ಒಣಗಿಸುವುದರಿಂದ, ನೀರು ನಿಂತ ಗದ್ದೆಯಿಂದ ಹೊರಡುವ, ಭೂಮಿಯ ಬಿಸಿ ಏರಿಸುವ ಮೀಥೇನ್ ಅನಿಲ ತಗ್ಗುತ್ತದೆ ಎಂಬುದು ನಿಜವಾದ್ದರಿಂದ ಆ ಪದ್ಧತಿಯನ್ನು ಕೈಬಿಟ್ಟಿಲ್ಲ. ಮೊದಲ ಮೂರು ವಾರ ತೆಳುನೀರು ನಿಲ್ಲಿಸಿ, ಪೈರು ಸಾರಜನಕ ಹೀರಲು ತೊಡಗಿದ ಮೇಲೆ ಆರಂಭಿಸುತ್ತೇನೆ.

ಕೊಟ್ಟಿಗೆಯಲ್ಲಿ ಗಂಜಲ ಹೀರಲು ಹುಲ್ಲು ಹಾಸುವುದು, ತಿಪ್ಪೆಗೆ ನೆರಳು ಮತ್ತು ಮಣ್ಣಿನ ಹೊದಿಕೆ ಒದಗಿಸುವುದು ಹಿರಿಯರೂ ಮಾಡುತ್ತಿದ್ದ ಕೆಲಸಗಳೇ. ಆದರೆ ಹುಲ್ಲು ಹೆಚ್ಚಾಗಿ, ಕಳಿಯದೆ ಗದ್ದೆಗೆ ಹೋದರೆ ಸೂಕ್ಷ್ಮಾಣುಗಳೇ ಸಾರಜನಕವನ್ನು ಹಿಡಿದಿಟ್ಟುಕೊಂಡು ಪೈರು ಕೆಲ ವಾರ ಸೊರಗುತ್ತದೆ.

ಕೋಳಿ ಗೊಬ್ಬರದಲ್ಲಿ ಮಾತ್ರ ನನ್ನ ಕೈ ಇನ್ನೂ ಪಳಗಿಲ್ಲ. ಅದರ ಸಾರಜನಕ ಕೊಟ್ಟಿಗೆ ಗೊಬ್ಬರದ ಹಲವು ಪಟ್ಟು ಹೆಚ್ಚು, ಬಿಡುಗಡೆಯೂ ಬಿರುಸು. ಒಮ್ಮೆ ಅಳತೆ ಮೀರಿ ಹಾಕಿ, ಸೊಂಪಾಗಿ ಬೆಳೆದ ಪೈರು ತೆನೆ ತುಂಬುವಾಗ ನೆಲಕ್ಕೆ ಒರಗಿತು. ಈಗ ಕೊಟ್ಟಿಗೆ ಗೊಬ್ಬರದ ಕಾಲು ಭಾಗದಷ್ಟೇ ಹಾಕಿ, ಎಲೆಯ ಹಸಿರನ್ನು ಹೋಲಿಸಿ ಸಾರಜನಕದ ಕೊರತೆ ಅಳೆಯುವ ಎಲೆಬಣ್ಣದ ಪಟ್ಟಿ ಹಿಡಿದು ನೋಡಿದ ಮೇಲೆ ಮೇಲುಗೊಬ್ಬರ ಬೇಕೋ ಬೇಡವೋ ತೀರ್ಮಾನಿಸುತ್ತಿದ್ದೇನೆ.